ಸ್ಟೀರಿಂಗ್ ಬಟನ್ ರಿಪೇರಿಗೆ ಕೊಟ್ಟೆ, ಏರ್‌ಬ್ಯಾಗ್ ಇಲ್ಲದ ಕಾರು ವಾಪಸ್ ಬಂತು

ಸ್ಟೀರಿಂಗ್ ಮೇಲಿನ ವಾಲ್ಯೂಮ್ ಬಟನ್ ಕೆಟ್ಟರೆ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಕೈ ಚಾಚಿ ಸ್ಟೀರಿಯೋ ಮೇಲೆಯೇ ಒತ್ತಿದರಾಯಿತು. ನನ್ನ ಕಾರಿನಲ್ಲಿ ಬಟನ್‌ಗಳು ನೇರ ರಸ್ತೆಯಲ್ಲಿ ಸರಿಯಾಗಿದ್ದು, ತಿರುವಿನಲ್ಲಿ ಸತ್ತು ಹೋಗುತ್ತಿದ್ದವು. ಆಮೇಲೆ ಹಾರ್ನ್ ಕೂಡ ಮನಸ್ಸು ಬಂದಾಗ ಕೂಗತೊಡಗಿತು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಹಾರ್ನ್ ಇಲ್ಲದಿದ್ದರೆ ಆಗುತ್ತದಾ? ಮನೆ ಹತ್ತಿರದ ಒಂದು ಗ್ಯಾರೇಜ್‌ಗೆ ಕೊಟ್ಟೆ. ಅದರ ಹೆಸರು ಬರೆಯುವುದಿಲ್ಲ. ಈ ಕೆಲಸ ಯಾವ ಗ್ಯಾರೇಜ್‌ನಲ್ಲಾದರೂ ನಡೆಯಬಹುದು.

ಅವರು ಮೊದಲು ಹೇಳಿದ್ದು, "ಸ್ವಿಚ್ ಹೋಗಿದೆ ಸಾರ್." ಬಟನ್‌ಗಳ ಪ್ಯಾಡ್ ಪೂರ್ತಿ ಬದಲಾಯಿಸಿದರು. ತೊಂದರೆ ಇದ್ದ ಹಾಗೇ ಇತ್ತು. ಇರಲೇಬೇಕು. ಸ್ವಿಚ್ ಕೆಟ್ಟಿದ್ದರೆ ಸ್ಟೀರಿಂಗ್ ಹೇಗೆ ತಿರುಗಿದರೂ ಕೆಟ್ಟೇ ಇರುತ್ತದೆ, ಅಲ್ವಾ? ತಿರುಗಿಸಿದಾಗ ಮಾತ್ರ ಬಿಟ್ಟು ಬಿಟ್ಟು ಕೆಲಸ ಮಾಡುತ್ತಿದೆ, ಜೊತೆಗೆ ಹಾರ್ನ್ ಕೂಡ ಕೈ ಕೊಡುತ್ತಿದೆ ಎಂದರೆ ಮೊದಲ ಅನುಮಾನ ಕ್ಲಾಕ್ ಸ್ಪ್ರಿಂಗ್ ಮೇಲೆ ಬರಬೇಕು.

ಇದು ಸ್ಟೀರಿಂಗ್ ಚಕ್ರದ ಹಿಂದೆ ಕೂರುವ ದುಂಡನೆಯ ಪ್ಲಾಸ್ಟಿಕ್ ಡಬ್ಬಿ. ಒಳಗೆ ಟೈಲರ್ ಟೇಪಿನಂತೆ ಸುತ್ತಿಟ್ಟ ತೆಳು ರಿಬ್ಬನ್ ವೈರ್ ಇರುತ್ತದೆ. ಚಕ್ರ ತಿರುಗಿದಂತೆ ಸುರುಳಿ ಬಿಗಿಯಾಗುತ್ತದೆ, ಸಡಿಲವಾಗುತ್ತದೆ. ಆಡಿಯೋ ಬಟನ್, ಕ್ರೂಸ್ ಕಂಟ್ರೋಲ್, ಸಾಮಾನ್ಯವಾಗಿ ಹಾರ್ನ್, ಜೊತೆಗೆ ಚಾಲಕನ ಏರ್‌ಬ್ಯಾಗ್, ಎಲ್ಲದರ ಕರೆಂಟ್ ಹೋಗುವುದು ಈ ಒಂದೇ ಡಬ್ಬಿಯ ಮೂಲಕ. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಹಾಗಾಗಿ ಬಟನ್ ರಿಪೇರಿ ಎಂದು ಚಕ್ರ ಬಿಚ್ಚಲು ಹೊರಟವರು ಏರ್‌ಬ್ಯಾಗ್‌ಗೆ ಕೈ ಹಾಕಲೇಬೇಕು.

ಕೊನೆಗೆ ಆ ಗ್ಯಾರೇಜ್‌ನವರೂ ಕ್ಲಾಕ್ ಸ್ಪ್ರಿಂಗ್ ಹಾಕಿದರು. ಒರಿಜಿನಲ್ ಅಲ್ಲದ್ದು, "ಸೇಮ್ ಕ್ವಾಲಿಟಿ ಸಾರ್" ಎಂಬ ಮಾತಿನೊಂದಿಗೆ. ಎಲ್ಲ ಸರಿಯಾಯಿತು ಎಂದು ಹೊರಟು, ಯು ಟರ್ನ್‌ನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದೆ. ಒಳಗೆ ಏನೋ ಕಿತ್ತ ಸದ್ದು. ಬಟನ್ ಸತ್ತವು, ಹಾರ್ನ್ ಸತ್ತಿತು, ಮೀಟರ್‌ನಲ್ಲಿ ಏರ್‌ಬ್ಯಾಗ್ ದೀಪ ಹತ್ತಿಕೊಂಡಿತು.

ಕ್ಲಾಕ್ ಸ್ಪ್ರಿಂಗನ್ನು ನಡುವಿಗೆ ಹೊಂದಿಸದೆ ಕೂರಿಸಿದರೆ ಹೀಗೇ ಆಗುವುದು. ಸ್ಟೀರಿಂಗ್ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು ಮೂರು ಸುತ್ತು ತಿರುಗುತ್ತದೆ. ರಿಬ್ಬನ್‌ನಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ ಉದ್ದ ಇರುತ್ತದೆ, ಆದರೆ ಎರಡೂ ಕಡೆಗೆ ಸಮನಾಗಿ ಹಂಚಿರಬೇಕು. ಹೊಸದಾಗಿ ಬರುವ ಡಬ್ಬಿಯಲ್ಲಿ ಇದಕ್ಕೆಂದೇ ಒಂದು ಲಾಕ್ ಪಿನ್ ಅಥವಾ ಸ್ಟಿಕರ್ ಇರುತ್ತದೆ. ಕಾರಿನ ಮುಂದಿನ ಚಕ್ರಗಳನ್ನು ನೇರ ಇಟ್ಟು, ಡಬ್ಬಿ ಕೂರಿಸಿದ ಮೇಲೆಯೇ ಅದನ್ನು ತೆಗೆಯಬೇಕು. ಮೊದಲೇ ಪಿನ್ ಕಿತ್ತು ಕೈಯಲ್ಲಿ ತಿರುಗಿಸಿ ನೋಡಿದರೆ ನಡು ತಪ್ಪಿ ಹೋಗುತ್ತದೆ.

ಕಾರು ವಾಪಸ್ ಕೊಟ್ಟೆ. ಸಂಜೆ ಫೋನ್ ಬಂತು. ಏರ್‌ಬ್ಯಾಗ್ ದೀಪ ಆರಿದೆ, ಬಟನ್ ಮತ್ತು ಹಾರ್ನ್‌ಗೆ ಪಾರ್ಟ್ ತರಿಸಬೇಕು, ಅಲ್ಲಿಯವರೆಗೆ ಓಡಿಸಿ ಎಂದರು. "ದೀಪ ಹೇಗೆ ಹೋಯಿತು ಅಣ್ಣಾ?" ಎಂದು ಕೇಳಿದರೆ, "ಸ್ಕ್ಯಾನರ್‌ನಲ್ಲಿ ಕ್ಲಿಯರ್ ಮಾಡಿದ್ವಿ ಸಾರ್, ಲೈಟ್ ಹೋಯ್ತಲ್ಲ, ಇನ್ನೇನು?"

ಇಲ್ಲಿ ಸ್ವಲ್ಪ ಯೋಚಿಸಿ. ರಿಬ್ಬನ್ ಕಿತ್ತಿದ್ದರಿಂದ ಮೂರೂ ಒಟ್ಟಿಗೆ ಹೋದವು. ಹೊಸ ಪಾರ್ಟ್ ಇನ್ನೂ ಬಂದಿಲ್ಲ. ಹಾರ್ನ್ ಸತ್ತೇ ಇದೆ. ಏರ್‌ಬ್ಯಾಗ್‌ನ ಎಳೆ ಮಾತ್ರ ತಾನಾಗಿ ಹೇಗೆ ಕೂಡಿಕೊಂಡಿತು? ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡನ್ನು ಸ್ಕ್ಯಾನರ್‌ನಲ್ಲಿ ಸುಮ್ನೆ ಅಳಿಸಿದರೆ, ದೋಷ ಇರುವವರೆಗೆ ದೀಪ ಮತ್ತೆ ಬರುತ್ತದೆ. ನನ್ನದರಲ್ಲಿ ಬರಲಿಲ್ಲ. ಅದೇ ಅನುಮಾನಕ್ಕೆ ಕಾರಣ.

ಬೇರೊಬ್ಬ ಆಟೋ ಎಲೆಕ್ಟ್ರೀಷಿಯನ್ ಹತ್ತಿರ ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿಸಿದೆ. ಏರ್‌ಬ್ಯಾಗ್‌ನ ಹಳದಿ ಕಪ್ಲರ್, ಅಂದರೆ ವೈರ್ ಜೋಡಿಸುವ ಕ್ಲಿಪ್, ಕಳಚಿತ್ತು. ಕಾರಿನ ಕಡೆಯ ಎರಡು ವೈರ್‌ಗಳ ನಡುವೆ ಕರೆಂಟ್‌ಗೆ ತಡೆ ಒಡ್ಡುವ ಒಂದು ಪುಟ್ಟ ರೆಸಿಸ್ಟರ್ ಸಿಕ್ಕಿಸಿ, ಮೇಲೆ ಕಪ್ಪು ಟೇಪ್ ಸುತ್ತಿದ್ದರು. ಏರ್‌ಬ್ಯಾಗ್‌ನ ಕಂಪ್ಯೂಟರ್ ಆ ವೈರ್‌ನಲ್ಲಿ ಎರಡು ಮೂರು ಓಮ್‌ನಷ್ಟು ತಡೆ ಇದೆಯೇ ಎಂದು ನೋಡುತ್ತಿರುತ್ತದೆ. ಅಷ್ಟೇ ತಡೆಯ ರೆಸಿಸ್ಟರ್ ಸಿಕ್ಕಿದರೆ ಅದಕ್ಕೆ ಎಲ್ಲ ಸರಿಯಾಗಿದೆ ಎನಿಸುತ್ತದೆ. ಕಾರು ಗುದ್ದಿದರೆ ಕರೆಂಟ್ ಹೋಗುವುದು ಆ ರೆಸಿಸ್ಟರ್‌ಗೆ. ಏರ್‌ಬ್ಯಾಗ್ ಮಡಚಿಕೊಂಡು ಹಾಗೇ ಕೂತಿರುತ್ತದೆ. ಆ ರೆಸಿಸ್ಟರ್ ಕೆಲವೇ ರೂಪಾಯಿಯ ವಸ್ತು.

ಈ ಮೋಸವನ್ನು ಹೊರಗಿನಿಂದ ಹಿಡಿಯುವುದು ಕಷ್ಟ. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡ್ ಹತ್ತಿ ಆರಬೇಕು. ರೆಸಿಸ್ಟರ್ ಇದ್ದರೂ ಹಾಗೇ ಹತ್ತಿ ಆರುತ್ತದೆ. ಸ್ಕ್ಯಾನರ್‌ನಲ್ಲೂ ದೋಷ ಕಾಣದು. ಅಂದ ಹಾಗೆ, ಫೋನ್ ಜೊತೆ ಬಳಸುವ ಅಗ್ಗದ ಒಬಿಡಿ ಸಾಧನಗಳಲ್ಲಿ (ಕಾರಿಗೆ ಸಿಕ್ಕಿಸಿ ದೋಷ ಓದುವ ಸಣ್ಣ ಸ್ಕ್ಯಾನರ್‌ಗಳು) ಬಹಳಷ್ಟು ಎಂಜಿನ್ ಕೋಡ್ ಮಾತ್ರ ಓದುತ್ತವೆ, ಏರ್‌ಬ್ಯಾಗ್ ಕಡೆ ಹೋಗುವುದೇ ಇಲ್ಲ. "ಸ್ಕ್ಯಾನ್ ಕ್ಲೀನ್ ಇದೆ ಸಾರ್" ಎಂದು ಅದನ್ನು ತೋರಿಸಿದರೆ ನಂಬಬೇಡಿ.

ಗ್ಯಾರೇಜ್‌ಗೆ ಕೊಡುವ ಮುಂಚೆ ಏನನ್ನೂ ಬಿಚ್ಚದೆ ನೀವೇ ಒಂದಷ್ಟು ನೋಡಬಹುದು. ಹಾರ್ನ್ ಸರಿಯಿದ್ದು, ಏರ್‌ಬ್ಯಾಗ್ ದೀಪ ಇಲ್ಲದೆ, ಒಂದೆರಡು ಬಟನ್ ಮಾತ್ರ ಕೆಟ್ಟಿದ್ದರೆ ಬಹುಮಟ್ಟಿಗೆ ಪ್ಯಾಡ್‌ನದ್ದೇ ತೊಂದರೆ. ಎಷ್ಟೋ ಕಾರುಗಳಲ್ಲಿ ಒಂದೊಂದು ಬಟನ್‌ಗೆ ಒಂದೊಂದು ಪ್ರಮಾಣದ ತಡೆಯ ರೆಸಿಸ್ಟರ್ ಇರುತ್ತದೆ. ಬರುವ ವೋಲ್ಟೇಜ್ ನೋಡಿ ಸ್ಟೀರಿಯೋ ಯಾವ ಬಟನ್ ಎಂದು ತಿಳಿಯುತ್ತದೆ. ವಾಲ್ಯೂಮ್ ಒತ್ತಿದರೆ ಹಾಡು ಬದಲಾಗುತ್ತಿದೆ ಎಂದರೆ ಕಾಂಟ್ಯಾಕ್ಟ್‌ನಲ್ಲಿ ಕೊಳೆ ಸೇರಿ ಆ ತಡೆ ಏರುಪೇರಾಗಿರಬಹುದು. ಕಾಫಿ, ಸ್ಯಾನಿಟೈಸರ್, ಡ್ಯಾಶ್‌ಬೋರ್ಡ್ ಪಾಲಿಶ್ ಇಳಿದರೂ ಸಾಕು. ಹೊಸ ಆಂಡ್ರಾಯ್ಡ್ ಸ್ಟೀರಿಯೋ ಹಾಕಿಸಿದ ಮೇಲೆ ಬಟನ್ ಹೋಗಿದ್ದರೆ ಚಕ್ರ ಮುಟ್ಟಲು ಬಿಡಲೇಬೇಡಿ. ಕೀ 1, ಕೀ 2 ಎಂಬ ವೈರ್ ಜೋಡಿಸಿದ್ದಾರಾ, ಸೆಟ್ಟಿಂಗ್ಸ್‌ನಲ್ಲಿ ಯಾವ ಬಟನ್ ಯಾವ ಕೆಲಸಕ್ಕೆ ಎಂದು ಸ್ಟೀರಿಯೋಗೆ ಕಲಿಸಿದ್ದಾರಾ ಎಂದು ನೋಡಿಸಿ.

ಚಕ್ರ ಬಿಚ್ಚಲೇಬೇಕಾದರೆ ಪಕ್ಕದಲ್ಲೇ ನಿಂತುಕೊಳ್ಳಿ. ಬ್ಯಾಟರಿಯ ನೆಗೆಟಿವ್ ಕಳಚಿ, ಆ ಕಾರಿನ ಮ್ಯಾನುಯಲ್ ಹೇಳುವಷ್ಟು ಹೊತ್ತು ಕಾದ ಮೇಲೆಯೇ ಏರ್‌ಬ್ಯಾಗ್ ಮುಟ್ಟಬೇಕು. ನನ್ನ ಕಾರಿನಲ್ಲಿ ಬ್ಯಾಟರಿ ತೆಗೆಯದೆಯೇ ಬಿಚ್ಚಿದ್ದರು. ಏರ್‌ಬ್ಯಾಗ್ ವೈರ್‌ಗೆ ಯಾರಾದರೂ ಮಲ್ಟಿಮೀಟರ್ ಹಿಡಿಯಲು ಬಂದರೆ ತಡೆಯಿರಿ. ಮೀಟರ್‌ನ ಸಣ್ಣ ಕರೆಂಟ್ ಕೂಡ ಏರ್‌ಬ್ಯಾಗನ್ನು ಸಿಡಿಸುವ ಅಪಾಯವಿದೆ. ಕೆಲವು ಕಾರುಗಳಲ್ಲಿ ಸ್ಟೀರಿಂಗ್ ಕೋನ ಅಳೆಯುವ ಸೆನ್ಸರ್ ಕೂಡ ಇದೇ ಡಬ್ಬಿಯಲ್ಲಿರುತ್ತದೆ, ಬದಲಾಯಿಸಿದ ಮೇಲೆ ಅದಕ್ಕೆ ಕ್ಯಾಲಿಬ್ರೇಷನ್ ಆಗಬೇಕು. ಹಳೆಯ ಪಾರ್ಟ್ ಕೇಳಿ ಪಡೆಯಿರಿ. ಕವರ್ ಮುಚ್ಚುವ ಮುಂಚೆ ಹಳದಿ ಕಪ್ಲರ್ ಕೂತಿರುವ ಫೋಟೋ ತೆಗೆಯಿರಿ.

ದುಡ್ಡು ವಾಪಸ್ ಕೇಳಿದ್ದಕ್ಕೆ ಗ್ಯಾರೇಜ್‌ನವರು ಬಿಲ್ ತೋರಿಸಿ ಎಂದರು. ಅವರು ಬಿಲ್ಲೇ ಕೊಟ್ಟಿರಲಿಲ್ಲ. ವಾಟ್ಸಾಪ್‌ನಲ್ಲಿ ಕಳಿಸಿದ್ದ ಎಸ್ಟಿಮೇಟ್, ಯುಪಿಐ ದಾಖಲೆ, ರೆಸಿಸ್ಟರ್‌ನ ಫೋಟೋ ಮುಂದಿಟ್ಟು, ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ ಎಂದ ಮೇಲೆ ಪಾರ್ಟಿನ ದುಡ್ಡು ಬಂತು. ಕೂಲಿ ಬರಲಿಲ್ಲ.

ಸೆಕೆಂಡ್ ಹ್ಯಾಂಡ್ ಕಾರು ನೋಡುತ್ತಿರುವವರಿಗೆ ಇನ್ನೊಂದು ಮಾತು. ಇಗ್ನಿಷನ್ ಹಾಕಿದಾಗ ಏರ್‌ಬ್ಯಾಗ್ ದೀಪ ಹತ್ತುವುದೇ ಇಲ್ಲವೆಂದರೆ ಆ ದೀಪವನ್ನೇ ಯಾರೋ ಕಿತ್ತಿರಬಹುದು. ದೀಪ ಸರಿಯಾಗಿ ಹತ್ತಿ ಆರಿ, ಹಾರ್ನ್ ಮತ್ತು ಸ್ಟೀರಿಂಗ್ ಬಟನ್ ಎರಡೂ ಸತ್ತಿದ್ದರೆ ಅಡ್ವಾನ್ಸ್ ಕೊಡುವ ಮುಂಚೆ ಆ ಕೆಳಗಿನ ಕವರ್ ಬಿಚ್ಚಿಸಿ ನೋಡಿ. ಮಾರುವವರು ಬೇಡ ಎಂದರೆ ಬೇರೆ ಕಾರು ನೋಡಿ.