ರೂಮಿಗೆ ಬಣ್ಣ: ಕಂಪನಿಯ ಎರಡು ದಿನವೋ, ಮೇಸ್ತ್ರಿಯ ನಾಲ್ಕು ದಿನವೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೇಸ್ತ್ರಿಗೆ. ಮೈಸೂರಿನ ನಮ್ಮ ಹಳೇ ಮನೆಯಲ್ಲಿ ಹತ್ತಕ್ಕೆ ಹನ್ನೆರಡು ಅಡಿಯ ಎರಡು ರೂಮುಗಳಿವೆ. ರಸ್ತೆ ಕಡೆಯದನ್ನು ಫೋನಿನಲ್ಲೇ ಬುಕ್ ಮಾಡುವ ಪೇಂಟಿಂಗ್ ಕಂಪನಿಯೊಂದಕ್ಕೆ ಕೊಟ್ಟೆವು. ಹಿತ್ತಿಲ ಕಡೆಯದು ನಮ್ಮ ಬೀದಿಯ ಅರ್ಧ ಮನೆಗಳಿಗೆ ಬಣ್ಣ ಹೊಡೆದಿರುವ ಮೇಸ್ತ್ರಿಯ ಪಾಲಾಯಿತು. ಎರಡಕ್ಕೂ ಒಂದೇ ಎಮಲ್ಷನ್, ಅಂದರೆ ಗೋಡೆಗೆ ಹೊಡೆಯುವ ನೀರಿನ ಬಣ್ಣ, ಒಂದೇ ಶೇಡು. ಎರಡೂ ಮೊದಲೇ ಬಣ್ಣ ಕಂಡ ಗೋಡೆಗಳು. ಹೊಸ ಗಾರೆಯ ವಿಚಾರ ಬೇರೆ, ಅದಕ್ಕೆ ತಿಂಗಳಾದರೂ ಆಗದೆ ಬಣ್ಣ ಮುಟ್ಟಿಸಬಾರದು.

ಕಂಪನಿಯವರು ‘ಎರಡೇ ದಿನ ಸಾರ್’ ಎಂದಿದ್ದರು. ಗೋಡೆಯ ಮಟ್ಟಿಗೆ ಮಾತು ಉಳಿಸಿಕೊಂಡರು, ಅದನ್ನು ಒಪ್ಪಲೇಬೇಕು. ಮೂವರು ಹುಡುಗರು, ಧೂಳನ್ನು ತಾನೇ ಎಳೆದುಕೊಳ್ಳುವ ಉಜ್ಜುವ ಮೆಷಿನ್, ಮಂಚ ಬೀರುಗಳಿಗೆಲ್ಲ ಪ್ಲಾಸ್ಟಿಕ್ ಹೊದಿಕೆ. ಮೊದಲ ದಿನ ಕೆರೆದು, ಬಿರುಕಿದ್ದ ಕಡೆ ಪುಟ್ಟಿ ತುಂಬಿ, ಉಜ್ಜಿ, ಸಂಜೆಗೆ ಪ್ರೈಮರ್. ಮರುದಿನ ಎರಡು ಕೋಟು. ಎಮಲ್ಷನ್ ಕೈಗೆ ಅಂಟದಷ್ಟು ಒಣಗಲು ಅರ್ಧ ಗಂಟೆ ಸಾಕು, ಆದರೆ ಅದರ ಮೇಲೆ ಇನ್ನೊಂದು ಕೋಟು ಎಳೆಯಲು ನಾಲ್ಕು ಗಂಟೆಯಾದರೂ ಬಿಡಬೇಕು. ಬೆಳಗ್ಗೆ ಒಂದು, ಊಟವಾದ ಮೇಲೆ ಇನ್ನೊಂದು. ನೆಲ ಒರೆಸಿಯೂ ಕೊಟ್ಟರು.

ಉಳಿದದ್ದು ಕಿಟಕಿ. ನಮ್ಮದು ಮರದ ಚೌಕಟ್ಟು, ಮರದ ಬಾಗಿಲು, ನಡುವೆ ಕಬ್ಬಿಣದ ಕಂಬಿಗಳಿರುವ ಹಳೇ ಕಾಲದ ಕಿಟಕಿ. ಗೋಡೆಗೆ ಹೊಡೆಯುವುದು ನೀರಿನ ಬಣ್ಣ, ಇದಕ್ಕೆ ಎಣ್ಣೆ ಬಣ್ಣ. ಎಣ್ಣೆ ಬಣ್ಣ ಗಾಳಿ ಕುಡಿದು ನಿಧಾನಕ್ಕೆ ಗಟ್ಟಿಯಾಗುವಂಥದ್ದು, ಒಂದು ಕೋಟಿಗೂ ಇನ್ನೊಂದಕ್ಕೂ ನಡುವೆ ಒಂದು ರಾತ್ರಿ ಕೇಳುತ್ತದೆ. ನಮ್ಮೂರಿನ ಕಾರ್ಖಾನೆ 1962ರ ಚುನಾವಣೆಯಿಂದ ಮಾಡುತ್ತ ಬಂದಿರುವ ಓಟಿನ ಶಾಯಿ ಬೆರಳ ಮೇಲೆ ನಿಮಿಷದೊಳಗೆ ಒಣಗುತ್ತದೆ. ಕಿಟಕಿ ಕಂಬಿಗೆ ಆ ಭಾಗ್ಯ ಇಲ್ಲ. ತುಕ್ಕು ಕೆರೆದು, ಮತ್ತೆ ತುಕ್ಕು ಹಿಡಿಯದಂತೆ ಬಳಿಯುವ ಕೆಂಪು ಪ್ರೈಮರ್ ರೆಡ್ ಆಕ್ಸೈಡ್ ಒಂದು ದಿನ, ಎನಾಮಲ್ ಎನ್ನುವ ಎಣ್ಣೆ ಬಣ್ಣದ ಮೊದಲ ಕೋಟು ಮರುದಿನ, ಎರಡನೆಯದು ಅದರ ಮರುದಿನ.

ಕಂಪನಿಯ ಕೊಟೇಷನ್ನಿನಲ್ಲಿ ಕಿಟಕಿಗೆ ಬೇರೆಯೇ ಸಾಲು, ಬೇರೆಯೇ ಚದರಡಿ ಲೆಕ್ಕ ಇತ್ತು. ದಿನದ ಲೆಕ್ಕ ಮಾತ್ರ ಎಲ್ಲೂ ಇರಲಿಲ್ಲ. ಎರಡನೇ ದಿನ ಸಂಜೆ ಗೋಡೆ ಮುಗಿದ ಮೇಲೆ ಹುಡುಗನೊಬ್ಬ ಕಂಬಿ ಕೆರೆದು ರೆಡ್ ಆಕ್ಸೈಡ್ ಬಳಿದ. ಮರುದಿನ ಅವರ ತಂಡಕ್ಕೆ ಇನ್ನೊಂದು ಮನೆ. ‘ಸ್ಲಾಟ್ ಸಿಕ್ಕ ತಕ್ಷಣ ಕಳಿಸ್ತೀವಿ’ ಎಂದರು. ಕೆಂಪು ಕಂಬಿಯ ಕಿಟಕಿಯನ್ನು ತೆರೆದಿಟ್ಟುಕೊಂಡು, ರಸ್ತೆ ಧೂಳೂ ಸೊಳ್ಳೆಯೂ ಒಳಗೆ ಬರುವುದನ್ನು ನೋಡುತ್ತ ಕೂತೆವು.

ವಾರ ಕಳೆದು ಬಂದವನು ಬೇರೆ ಹುಡುಗ. ಅಂಟಿದ ಧೂಳನ್ನು ಉಜ್ಜಿ ತೆಗೆದು ಒಂದು ಕೋಟು ಹೊಡೆದ. ಎರಡನೆಯದಕ್ಕೆ ಮತ್ತೆ ಸ್ಲಾಟು! ಅಷ್ಟರಲ್ಲಿ ಕಿಟಕಿಯ ಕೆಳಗಿನ ಹೊಸ ಗೋಡೆ ಮೇಲೆ ಎಣ್ಣೆ ಬಣ್ಣದ ನಾಲ್ಕು ಹನಿ ಬಿದ್ದಿದ್ದವು. ಅದನ್ನು ಮುಚ್ಚಲು ಬ್ರಷ್ಷಿನಲ್ಲಿ ಟಚಪ್ ಮಾಡಿದರು. ಗೋಡೆಯೆಲ್ಲ ರೋಲರ್ ಎಳೆದದ್ದು, ಅಲ್ಲಿ ಮಾತ್ರ ಬ್ರಷ್. ಬೆಳಗಿನ ಓರೆ ಬಿಸಿಲಿಗೆ ಆ ತೇಪೆ ಈಗಲೂ ಎದ್ದು ಕಾಣುತ್ತದೆ. ಎರಡು ದಿನದ ರೂಮು ನಮ್ಮ ಕೈಗೆ ಪೂರ್ತಿಯಾಗಿ ಬರುವ ಹೊತ್ತಿಗೆ ಎರಡನೇ ವಾರ ನಡೆಯುತ್ತಿತ್ತು.

ಮೇಸ್ತ್ರಿ ಬಂದವರೇ ಮೊದಲು ಕಿಟಕಿ ಹಿಡಿದರು. ಒಬ್ಬರು ಗೋಡೆಗೆ ಪುಟ್ಟಿ ಎಳೆಯುತ್ತಿದ್ದರೆ ಜೊತೆಯ ಹುಡುಗ ಕಂಬಿ ಕೆರೆಯುತ್ತಿದ್ದ. ಪುಟ್ಟಿ ರಾತ್ರಿಯೆಲ್ಲ ಒಣಗಲೇಬೇಕು, ರೆಡ್ ಆಕ್ಸೈಡೂ ಒಣಗಲೇಬೇಕು, ಎರಡೂ ಒಟ್ಟಿಗೇ ಒಣಗಿದವು. ಎರಡನೇ ದಿನ ಪುಟ್ಟಿಯ ಎರಡನೇ ಕೈ ಮತ್ತು ಕಂಬಿಗೆ ಎನಾಮಲ್. ಮೂರನೇ ದಿನ ಉಜ್ಜಿ ಪ್ರೈಮರ್ ಹಾಕಿ, ಕಂಬಿಗೆ ಕೊನೇ ಕೋಟು. ನಾಲ್ಕನೇ ದಿನ ಗೋಡೆಗೆ ಎರಡು ಕೋಟು. ಎಣ್ಣೆ ಹನಿ ಬಿದ್ದಿದ್ದರೂ ಗೋಡೆ ಬಣ್ಣದ ಅಡಿಗೆ ಹೋಯಿತು. ಬೇಗ ಮುಗಿಸಿಕೊಡಿ ಎಂದರೆ ಅವರದು ಒಂದೇ ಉತ್ತರ: ‘ಬಳಿಯೋದು ನನ್ ಕೆಲ್ಸ ಸಾರ್, ಒಣಗೋದು ಗೋಡೆ ಕೆಲ್ಸ. ಫ್ಯಾನ್ ಹಾಕಿ ಬಿಡಿ.’

ಧೂಳು? ವಿಪರೀತ. ಕೈಯಲ್ಲಿ ಉಜ್ಜುವುದರಿಂದ ಪುಟ್ಟಿ ಪುಡಿ ಅಡುಗೆಮನೆಯ ಡಬ್ಬಿಗಳವರೆಗೂ ಹೋಯಿತು. ಬಿಲ್ಲಿಲ್ಲ, ವಾರಂಟಿಯಿಲ್ಲ. ಹತ್ತಕ್ಕೆ ಮೊದಲು ಬರುವವರಲ್ಲ, ಟೀ ಎರಡು ಸಲ.

ದುಡ್ಡಿನ ಮಾತು: ಸಾಮಾನು ನಾವೇ ಅಂಗಡಿಯಿಂದ ತಂದು, ಕೂಲಿಯನ್ನು ಗುತ್ತಿಗೆ ಮಾತಾಡಿದ್ದರಿಂದ ಕಂಪನಿ ಖರ್ಚಿನ ಮುಕ್ಕಾಲು ಪಾಲಿನೊಳಗೆ ಮುಗಿಯಿತು. ಬಣ್ಣ ಹೊಡೆಯುವವರಿಗೆಂದೇ ಬಣ್ಣ ತಯಾರಕರು ಡಬ್ಬದೊಳಗೆ ಇಡುವ ಇನಾಮಿನ ಟೋಕನ್ ಮೇಸ್ತ್ರಿಗೇ ಸೇರಬೇಕು, ಅದಕ್ಕೆ ಚೌಕಾಸಿ ಮಾಡಬೇಡಿ. ದಿನಗೂಲಿಗೆ ಮಾತ್ರ ಒಪ್ಪಿಸಬೇಡಿ, ನಾಲ್ಕು ದಿನದ ಕೆಲಸ ಎಂಟಾಗುತ್ತದೆ.

ನಮಗೆ ಹಾಲ್‌ನಲ್ಲಿ ಹಾಸಿಗೆ ಹಾಸಿಕೊಂಡು ನಾಲ್ಕು ರಾತ್ರಿ ಕಳೆಯುವುದು ಕಷ್ಟವಲ್ಲ, ಅದಕ್ಕೇ ಈ ತೀರ್ಮಾನ. ಮನೆಯಲ್ಲಿ ದಮ್ಮು ಇರುವ ಹಿರಿಯರಿದ್ದರೆ ಕಂಪನಿಯ ಆ ಮೆಷಿನ್ನಿಗೇ ದುಡ್ಡು ಕೊಡಬಹುದು. ಅಲ್ಯೂಮಿನಿಯಂ ಕಿಟಕಿಯ ಫ್ಲಾಟ್ ಆದರಂತೂ ನನ್ನ ದೂರಿಗೆ ಅರ್ಥವೇ ಇಲ್ಲ. ಬೆಂಗಳೂರಿನಲ್ಲಿ ಬಾಡಿಗೆದಾರರು ಬಿಟ್ಟ ಮೇಲೆ ಒಂದು ತಿಂಗಳ ಬಾಡಿಗೆಯನ್ನು ಬಣ್ಣಕ್ಕೆಂದು ಹಿಡಿದುಕೊಂಡು, ಒಂದನೇ ತಾರೀಖಿಗೆ ಹೊಸಬರನ್ನು ಕೂರಿಸುವ ಮಾಲೀಕರಿಗೆ ಎರಡು ದಿನದವರೇ ಸರಿ.

ದಸರೆಗೆ ಮುಂಚಿನ ದಿನಗಳಲ್ಲಿ ನಮ್ಮ ಮೇಸ್ತ್ರಿ ಫೋನೇ ಎತ್ತುವುದಿಲ್ಲ. ಹಾಲ್‌ಗೆ ಸಂಕ್ರಾಂತಿ ಕಳೆದ ಮೇಲೆ ಬನ್ನಿ ಎಂದಿದ್ದೇವೆ. ಆಗ ಗಾಳಿ ಒಣ, ಪುಟ್ಟಿ ಬೇಗ ಆರುತ್ತದೆ, ಮೂರು ಕಿಟಕಿಗಳನ್ನೂ ರಾತ್ರಿ ತೆರೆದಿಡಬಹುದು.