ಪಾರ್ಶ್ವವಾಯುವಿನ ನಂತರದ ಆರೈಕೆಗೆ ಹಣ: ಬಂಗಾರದ ಸಾಲವೋ, ಆನ್‌ಲೈನ್ ದೇಣಿಗೆಯೋ?

ಪಾರ್ಶ್ವವಾಯುವಿನ ನಂತರ ಚೇತರಿಕೆಯ ವೇಗ ಸಾಮಾನ್ಯವಾಗಿ ಮೊದಲ ಮೂರು ತಿಂಗಳಲ್ಲೇ ಹೆಚ್ಚಿರುವುದರಿಂದ, ಶಿರಸಿಯಂಥ ಊರಿನಲ್ಲಿ ಫಿಸಿಯೋಥೆರಪಿಗೆ ಹಣ ಹೊಂದಿಸುವವರು ಎಷ್ಟು ಸಿಗುತ್ತದೆ ಎಂಬುದಕ್ಕಿಂತ ಯಾವಾಗ ಸಿಗುತ್ತದೆ ಎಂಬುದನ್ನು ಮೊದಲು ನೋಡಬೇಕು.

ಸಹಕಾರಿ ಸಂಘದಲ್ಲಿ ಬಳೆ ಅಡವಿಟ್ಟರೆ ಹಣ ಬೇಗ ಕೈಸೇರುತ್ತದೆ, ಮನೆಯ ಸಂಕಟವನ್ನು ಊರಿಗೆಲ್ಲ ಹೇಳಬೇಕಾಗಿಲ್ಲ. ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಅಡಿಕೆ ಮಾರಿ ತೀರಿಸುವ ಲೆಕ್ಕಾಚಾರವನ್ನು ಒಂದು ಮಳೆಗಾಲದ ಕೊಳೆರೋಗ ತಲೆಕೆಳಗು ಮಾಡಬಲ್ಲದು.

ಮಿಲಾಪ್, ಕೆಟ್ಟೋ ಮುಂತಾದ ತಾಣಗಳಲ್ಲಿ ಬಂದ ದೇಣಿಗೆಯನ್ನು ಮರಳಿಸಬೇಕಿಲ್ಲವಾದರೂ, ವೈದ್ಯಕೀಯ ದಾಖಲೆ, ವೆಚ್ಚದ ಅಂದಾಜುಗಳನ್ನು ಒದಗಿಸಬೇಕು, ಪದೇ ಪದೇ ವಾಟ್ಸ್ಆ್ಯಪ್‌ನಲ್ಲಿ ಕೇಳಿಕೊಳ್ಳಬೇಕು. ಐಸಿಯು ಫೋಟೋಗೆ ಮಿಡಿಯುವ ಜನ, ಅಪ್ಪ ಅವಲಕ್ಕಿ ಡಬ್ಬಿಯ ಮುಚ್ಚಳ ತಿರುಗಿಸಲು ಹೆಣಗುವ ವಿಡಿಯೊಗೆ ಅಷ್ಟಾಗಿ ಮಿಡಿಯುವುದಿಲ್ಲ ಎಂಬುದು ನನ್ನ ಅನಿಸಿಕೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಯ ನೆರವಿದೆ; ಮನೆಗೆ ಬರುವ ಫಿಸಿಯೋಥೆರಪಿಸ್ಟರ ಶುಲ್ಕವನ್ನು ಅದರಿಂದ ನಿರೀಕ್ಷಿಸುವಂತಿಲ್ಲ.

ಆಯ್ಕೆ ನನ್ನದಾದರೆ, ಮೊದಲ ತಿಂಗಳಿಗೆ ಸಾಕಾಗುವಷ್ಟು ಮಾತ್ರ ಬಂಗಾರದ ಮೇಲೆ ಸಾಲ ತೆಗೆದು, ಅದೇ ವಾರ ದೇಣಿಗೆಯ ಮನವಿಯನ್ನೂ ಆರಂಭಿಸುತ್ತೇನೆ.