ಗಾಮಾ ಸ್ಕ್ಯಾನಿಂಗ್ ಸೇವೆ: ಕಾಲಮ್ ಫ್ಲಡ್ ಆಗಿದೆಯೋ, ನೊರೆ ಎದ್ದಿದೆಯೋ?

ಡಿಸ್ಟಿಲೇಷನ್ ಕಾಲಮ್‌ನ ಡಿಪಿ (ತಳಕ್ಕೂ ತಲೆಗೂ ನಡುವಿನ ಒತ್ತಡದ ವ್ಯತ್ಯಾಸ) ಏರುತ್ತದೆ, ಮೇಲಿನ ಉತ್ಪನ್ನ ಕೆಡುತ್ತದೆ, ತಳದ ಲೆವೆಲ್ ಸುಮ್ಮನೆ ಇಳಿಯುತ್ತದೆ. ಫ್ಲಡಿಂಗ್ (ದ್ರವ ಕೆಳಗಿಳಿಯಲಾಗದೆ ಒಳಗೇ ತುಂಬಿಕೊಳ್ಳುವುದು) ಆದರೂ ಹೀಗೇ, ನೊರೆ ಎದ್ದರೂ ಹೀಗೇ. ಕಂಟ್ರೋಲ್ ರೂಮಿನ ಪರದೆ ನೋಡಿದರೆ ಎರಡೂ ಒಂದೇ. ಶಟ್‌ಡೌನ್ ಮಾಡಿ ಮ್ಯಾನ್‌ಹೋಲ್ ತೆಗೆದರೆ ಮುರಿದ ಟ್ರೇ (ದ್ರವ, ಆವಿ ಸೇರುವ ಒಳಗಿನ ತಟ್ಟೆ) ಸಿಕ್ಕೀತು, ನೊರೆಯ ಸುಳಿವು ಸಿಗದು. ಓಡುತ್ತಿರುವ ಕಾಲಮ್‌ನ ಒಳಗನ್ನೇ ತೋರಿಸುವುದು ಈ ಸೇವೆಯ ಹಿರಿಮೆ.

ಕಾಲಮ್‌ನ ಒಂದು ಬದಿಗೆ ಸೀಸದ ಕವಚದಲ್ಲಿಟ್ಟ ಕೋಬಾಲ್ಟ್-60 ಅಥವಾ ಸೀಸಿಯಂ-137 ಮೂಲ, ಎದುರು ಬದಿಗೆ ಸೋಡಿಯಂ ಅಯೋಡೈಡ್ ಡಿಟೆಕ್ಟರ್. ಎರಡನ್ನೂ ಕೇಬಲ್‌ನಲ್ಲಿ ಒಂದೇ ಎತ್ತರದಲ್ಲಿ ಇಳಿಸುತ್ತಾ, ಸಾಮಾನ್ಯವಾಗಿ 50 ಮಿ.ಮೀ.ಗೊಂದು ಎಣಿಕೆ (ದಾಟಿ ಬಂದ ಗಾಮಾ ಕಿರಣಗಳ ಲೆಕ್ಕ) ತೆಗೆಯುತ್ತಾರೆ. ದ್ರವ ಅಡ್ಡ ಬಂದರೆ ಎಣಿಕೆ ಬೀಳುತ್ತದೆ, ಆವಿಯಿದ್ದರೆ ಏರುತ್ತದೆ. ಮೂಲ ಸೀಲ್ ಆಗಿರುವುದರಿಂದ ಉತ್ಪನ್ನಕ್ಕೆ ವಿಕಿರಣದ ಅಂಟು ಬರುವುದಿಲ್ಲ. ಆದರೆ ಸುತ್ತಲಿನ ಜಾಗಕ್ಕೆ ಬೇಲಿ ಹಾಕಿ ಜನರನ್ನು ದೂರವಿಡಲೇಬೇಕು, ತಂಡಕ್ಕೆ ಎಇಆರ್‌ಬಿ (ಅಣುಶಕ್ತಿ ನಿಯಂತ್ರಣ ಮಂಡಳಿ) ಪರವಾನಗಿ ಇರಬೇಕು. ನಮ್ಮಲ್ಲಿ ಅಣುಶಕ್ತಿ ಇಲಾಖೆಯ ಬಿಆರ್‌ಐಟಿ (ವಿಕಿರಣ ಮತ್ತು ಐಸೋಟೋಪ್ ತಂತ್ರಜ್ಞಾನ ಮಂಡಳಿ) ಈ ಕೆಲಸ ಮಾಡಿಕೊಡುತ್ತದೆ, ಖಾಸಗಿ ಸಂಸ್ಥೆಗಳೂ ಇವೆ.

ಈಗ ಗ್ರಾಫ್. ಆರೋಗ್ಯವಂತ ಕಾಲಮ್‌ನಲ್ಲಿ ಪ್ರತಿ ಟ್ರೇ ಬಳಿ ಎಣಿಕೆ ಆಳಕ್ಕೆ ಬಿದ್ದು, ಮೇಲಿನ ಟ್ರೇ ಮುಟ್ಟುವ ಮೊದಲೇ ಥಟ್ಟನೆ ಎದ್ದು ಶುದ್ಧ ಆವಿಯ ಶಿಖರ ತಲುಪುತ್ತದೆ. ಫ್ಲಡ್ ಆದಲ್ಲಿ ಆ ಶಿಖರಗಳೇ ಮಾಯ. ಗೆರೆ ಹತ್ತಾರು ಟ್ರೇಗಳುದ್ದಕ್ಕೂ ಕೆಳಗೇ ತೆವಳುತ್ತದೆ. ಇಲ್ಲಿ ನೋಡಬೇಕಾದದ್ದು ತುಂಬಿದ ಭಾಗದ ಅತ್ಯಂತ ಕೆಳಗಿನ ಟ್ರೇಯನ್ನು. ದ್ರವ ಅಲ್ಲಿಂದ ಕೆಳಗಿಳಿಯಲಾಗದೆ ಮೇಲಕ್ಕೆ ಪೇರಿಕೊಂಡಿರುತ್ತದೆ, ಹಾಗಾಗಿ ಅಡಚಣೆ ಸಾಮಾನ್ಯವಾಗಿ ಅದರ ಡೌನ್‌ಕಮರ್‌ನಲ್ಲೋ (ದ್ರವ ಕೆಳಗಿನ ಟ್ರೇಗೆ ಇಳಿಯುವ ದಾರಿ) ಅದಕ್ಕೆ ತಗುಲಿಕೊಂಡೋ ಇರುತ್ತದೆ. ನೊರೆಯ ಗುರುತು ಬೇರೆ: ಟ್ರೇಯಿಂದ ಮೇಲಕ್ಕೆ ಎಣಿಕೆ ಥಟ್ಟನೆ ಏರದೆ ಇಳಿಜಾರಿನಂತೆ ನಿಧಾನವಾಗಿ ಏರುತ್ತದೆ, ಏಕೆಂದರೆ ದ್ರವ ಎಲ್ಲಿ ಮುಗಿದು ಆವಿ ಎಲ್ಲಿ ಶುರುವಾಯಿತೆಂಬ ಗಡಿಯೇ ಇರುವುದಿಲ್ಲ. ಟ್ರೇ ಇರಬೇಕಾದ ಎತ್ತರದಲ್ಲಿ ಆವಿಯ ಎಣಿಕೆ ಬಂದರೆ ಟ್ರೇ ಕಿತ್ತುಹೋಗಿದೆ ಅಥವಾ ಒಣಗಿದೆ.

ನೊರೆ ಉಕ್ಕಿ ಕೊನೆಗೆ ಕಾಲಮ್ ಪೂರ್ತಿ ತುಂಬಿಬಿಟ್ಟರೆ ಮಾತ್ರ ಎರಡೂ ಚಿತ್ರ ಕಲಸಿಹೋಗುತ್ತವೆ. ಈ ಸೇವೆ ಕೊಳ್ಳುವವರು ಸೋಲುವುದು ಇಲ್ಲೇ: ಹಣ ಉಳಿಸಲೆಂದು ಕೆಟ್ಟ ಸ್ಥಿತಿಯಲ್ಲಿ ಒಂದೇ ಸ್ಕ್ಯಾನ್ ಮಾಡಿಸುತ್ತಾರೆ. ಎರಡು ಲೋಡ್‌ನಲ್ಲಿ ಮಾಡಿಸಿ. ಫೀಡ್ ಮತ್ತು ರಿಬಾಯ್ಲರ್ (ತಳದ ದ್ರವ ಕುದಿಸುವ ಘಟಕ) ಎರಡನ್ನೂ ಇಳಿಸಿ, ಕಾಲಮ್ ನೆಲೆಗೆ ಬಂದ ಮೇಲೆ ಮತ್ತೆ ಸ್ಕ್ಯಾನ್ ಮಾಡಿಸಿ. ಶಿಖರಗಳು ಚೂಪಾಗಿ ಮರಳಿದರೆ ಸಾಮರ್ಥ್ಯದ ಮಿತಿ ಮುಟ್ಟಿದ್ದಿರಿ. ಇಳಿಜಾರು ಉಳಿದೇ ಇದ್ದರೆ ನೊರೆಯನ್ನು ಅನುಮಾನಿಸಿ. ಕಾಲಮ್ ಚೆನ್ನಾಗಿದ್ದಾಗಿನ ಸ್ಕ್ಯಾನ್ ಫೈಲಿನಲ್ಲಿದ್ದರೆ ಅರ್ಧ ವಾದ ಅಲ್ಲಿಗೇ ಮುಗಿಯಿತು.

ತಂಡ ಬರುವ ಮೊದಲು ಟ್ರೇ ಡ್ರಾಯಿಂಗ್ ತೆಗೆದಿಡಿ. ಸ್ಕ್ಯಾನ್ ಗೆರೆ ಡೌನ್‌ಕಮರ್‌ಗಳಿಗೆ ಸಮಾನಾಂತರವಾಗಿ, ಟ್ರೇಯ ಕೆಲಸದ ಭಾಗದ ಮೇಲೆಯೇ ಹೋಗಬೇಕು. ಡೌನ್‌ಕಮರ್ ಅಡ್ಡ ಬಂದರೆ ಒಳ್ಳೆಯ ಟ್ರೇಯೂ ಫ್ಲಡ್ ಆದಂತೆ ಕಾಣುತ್ತದೆ. ನಾಝಲ್, ಸ್ಟಿಫ್ನರ್ ರಿಂಗ್, ಪ್ಲಾಟ್‌ಫಾರ್ಮ್‌ಗಳ ಎತ್ತರ ಮೊದಲೇ ಗುರುತಿಸದಿದ್ದರೆ ಅವೂ ಸುಳ್ಳು ತಗ್ಗು ತೋರಿಸುತ್ತವೆ. ಜೋರು ಗಾಳಿಗೆ ಡಿಟೆಕ್ಟರ್ ಓಲಾಡುತ್ತದೆ. ಸ್ಕ್ಯಾನ್ ಮುಗಿಯುವ ತನಕ ಯಾರೂ ರಿಫ್ಲಕ್ಸ್ (ಮೇಲಿನಿಂದ ಕಾಲಮ್‌ಗೆ ಮರಳಿಸುವ ದ್ರವ) ಮುಟ್ಟಕೂಡದು. ಶಿಫ್ಟ್ ಬದಲಾಗುವ ಹೊತ್ತಿಗೆ ಇಟ್ಟುಕೊಳ್ಳಲೇಬೇಡಿ.

ಎಲ್ಲರಿಗೂ ಇದು ಬೇಕೇ? ಬೆಳಗಾವಿ, ಬಾಗಲಕೋಟೆ, ಮಂಡ್ಯ ಕಡೆಯ ಕಾಕಂಬಿ ಡಿಸ್ಟಿಲರಿಗಳಿಗೆ ಮೊದಲು ಬೇಡ. ಅಲ್ಲಿ ಕಾಟ ಕೊಡುವುದು ಸಾಮಾನ್ಯವಾಗಿ ವಾಶ್ (ಹುದುಗು ಬಂದ ಕಾಕಂಬಿ ದ್ರಾವಣ) ಹೋಗುವ ಮೊದಲ ಕಾಲಮ್. ಯೀಸ್ಟ್, ಪ್ರೋಟೀನ್, ತೇಲುವ ಕಸ ನೊರೆಯನ್ನು ಗಟ್ಟಿ ಮಾಡುತ್ತವೆ, ಕ್ಯಾಲ್ಸಿಯಂ ಸಲ್ಫೇಟ್ ಟ್ರೇಗಳ ಮೇಲೆ ಕಲ್ಲುಕಟ್ಟುತ್ತದೆ. ಡಿಪಿ ವಾರಗಟ್ಟಲೆ ನಿಧಾನವಾಗಿ ಏರಿದ್ದರೆ ಕಲ್ಲು. ವಾಶ್ ಬದಲಾದೊಡನೆ ನಿಮಿಷಗಳಲ್ಲಿ ಚಿಮ್ಮಿದ್ದರೆ ನೊರೆ. ಮೊದಲು ಡಿಪಿ ಟ್ರಾನ್ಸ್‌ಮಿಟರಿನ ಇಂಪಲ್ಸ್ ಲೈನ್ (ಒತ್ತಡ ತಲುಪಿಸುವ ಸಣ್ಣ ಕೊಳವೆ) ಕಟ್ಟಿಕೊಂಡಿದೆಯೇ ನೋಡಿ. ಆಮೇಲೆ ಫೀಡ್ ಪಂಪಿನ ಸಕ್ಷನ್ ಬಳಿ ಕೆಲವೇ ಪಿಪಿಎಂ ಆ್ಯಂಟಿಫೋಮ್ ಕೊಟ್ಟು ನೋಡಿ. ಡಿಪಿ ಬೇಗನೆ ಇಳಿದರೆ ಉತ್ತರ ಸಿಕ್ಕಿತು, ಅದೂ ಒಂದು ಕ್ಯಾನಿನ ಖರ್ಚಿನಲ್ಲಿ. ಇಳಿಯಲಿಲ್ಲವೆಂದು ಸುರಿಯುತ್ತಾ ಹೋಗಬೇಡಿ, ಅತಿಯಾದರೆ ಕೆಲವು ಆ್ಯಂಟಿಫೋಮ್‌ಗಳೇ ನೊರೆಗೆ ಆಸರೆಯಾಗುತ್ತವೆ.

ರಿಫೈನರಿಯಲ್ಲಿ ಅನಿಲ ಶುದ್ಧ ಮಾಡುವ ಅಮೀನ್ ಕಾಲಮ್‌ಗಳ ಲೆಕ್ಕ ಬೇರೆ. ನೊರೆ ಏಳುತ್ತದೆಂದೇ ವಿನ್ಯಾಸದಲ್ಲಿ ಸಾಮರ್ಥ್ಯವನ್ನು ಸುಮಾರು 0.85ರಿಂದ, ಕೆಲವೊಮ್ಮೆ ಇನ್ನೂ ಕಡಿಮೆ ಸಂಖ್ಯೆಯಿಂದ ಗುಣಿಸಿರುತ್ತಾರೆ. ಅಲ್ಲಿ ಒಂದು ದಿನ ಪ್ಲಾಂಟ್ ನಿಲ್ಲಿಸುವುದಕ್ಕಿಂತ ಸ್ಕ್ಯಾನ್ ಬಹಳ ಅಗ್ಗ, ಕಣ್ಣು ಮುಚ್ಚಿ ಕರೆಸಬಹುದು. ಪ್ಯಾಕ್ಡ್ ಕಾಲಮ್ (ಟ್ರೇ ಬದಲು ಪ್ಯಾಕಿಂಗ್ ತುಂಬಿದ್ದು) ಆದರೆ ಒಂದು ಗೆರೆ ಸಾಲದು. ದ್ರವ ಒಂದೇ ಬದಿಗೆ ಹರಿಯುತ್ತಿದೆಯೇ ತಿಳಿಯಲು ನಾಲ್ಕು ಗೆರೆಗಳ ಗ್ರಿಡ್ ಬೇಕು, ಖರ್ಚೂ ಅದಕ್ಕೆ ತಕ್ಕಂತೆ.

ನೊರೆ ಏಕೆ ಎದ್ದಿತು ಎಂಬುದು ಈ ವರದಿಯಲ್ಲಿ ಸಿಗುವುದಿಲ್ಲ, ಅದನ್ನು ಲ್ಯಾಬಿನಲ್ಲೇ ಹುಡುಕಬೇಕು. ಒಪ್ಪಂದಕ್ಕೆ ಸಹಿ ಹಾಕುವಾಗ ಬಣ್ಣದ ಪಿಡಿಎಫ್ ಜೊತೆಗೆ ಎತ್ತರವಾರು ಕಚ್ಚಾ ಎಣಿಕೆಗಳ ಎಕ್ಸೆಲ್ ಕೂಡ ಕೊಡಬೇಕೆಂದು ಬರೆಸಿಕೊಳ್ಳಿ. ಮುಂದಿನ ಸಲ ಬೇರೆ ತಂಡ ಬಂದರೆ ಹೋಲಿಸಲು ಬೇಕಾಗುವುದು ಅದೇ.